ಅವಳು ಕೂತರೆ ಮಾತ್ರ

ಮುಳ್ಳು ಅಲುಗುತ್ತಿಲ್ಲ, ಇರಬೇಕಾದ ಜಾಗದಲ್ಲೇ ಇದೆ, ದೊಡ್ಡ ಮರ್ಯಾದಸ್ಥನ ಹಾಗೆ, ಈ ಎಂಜಿನ್ನಿಗೆ ಹುಟ್ಟಿದಾಗಿನಿಂದ ಒಂದು ಸೀನೂ ಬಂದಿಲ್ಲ ಅನ್ನಬೇಕು, ಅವಳು ಪೆಟ್ರೋಲ್ ಪೈಪಿಗೆ ಸಿಕ್ಕಿಸಿದ ಪ್ರೆಷರ್ ಗೇಜಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿ ಮತ್ತೆ ನೋಡಿದಳು, ಅಷ್ಟೇ ಇದೆ, ಮನೆಯವರೆಲ್ಲ ಊಟಕ್ಕೆ ಹೋದ ಹೊತ್ತು ನೋಡಿ ದೋಣಿಯನ್ನು ಕಟ್ಟೆಯ ಎರಡೂ ಗೂಟಕ್ಕೆ ಬಿಗಿದು, ಗೇರ್ ಹಾಕಿ, ಪೂರ್ತಿ ಜೋರು ಕೊಟ್ಟಿದ್ದಾಳೆ, ಎಂಜಿನ್ ಹಗ್ಗ ಜಗ್ಗುತ್ತಿದೆ, ಹಿಂದೆ ನೀರು ಕುದಿದ ಹಾಗೆ ಉಕ್ಕುತ್ತಿದೆ, ಪೆಟ್ರೋಲು ಏನೂ ಕಡಿಮೆಯಿಲ್ಲದೆ ಬರುತ್ತಿದೆ, ನಿಲ್ಲು ನೋಡೋಣ, ಈಗ ನಿಲ್ಲು, ಮೊನ್ನೆ ತುಂಬಿದ ದೋಣಿಯಲ್ಲಿ ನಡುನೀರಿಗೆ ಬಂದು ಕೆಮ್ಮಿ ಕೆಮ್ಮಿ ನಿಂತೆಯಲ್ಲ — ಆಗ ಎಲ್ಲರೂ ತಿರುಗಿ ನೋಡಿದ್ದು ಎಂಜಿನ್ನನ್ನಲ್ಲ, ಅವಳನ್ನು. ಮೈದುನ ಚುಕ್ಕಾಣಿ ಹಿಡಿದುಕೊಂಡೇ ಕೂಗಿದ, ಅತ್ತಿಗೆ ಹತ್ತಿದ್ದಾರೆ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ರಪ್ಪಾ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಗಳ ಸ್ಕೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವಳೂ ನಕ್ಕಳು, ಯಾಕೆ ನಕ್ಕೆನೋ, ಆ ನಗುವನ್ನು ನೆನೆದರೆ ಈಗ ತನ್ನ ಕೆನ್ನೆಗೇ ಬಾರಿಸಬೇಕು ಅನ್ನಿಸುತ್ತದೆ. ಅವಳಿಲ್ಲದೆ ದೋಣಿ ದಿನವೆಲ್ಲ ಆಚೆ ದಡಕ್ಕೆ ಹೋಗಿ ಬರುತ್ತದೆ, ಏನೂ ಆಗುವುದಿಲ್ಲ, ಮಗಳನ್ನು ಸ್ಕೂಲಿಗೆ ಬಿಡಲು ಅವಳು ಹತ್ತಿದರೆ ಮಾತ್ರ ನಡುನೀರಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ, ಮೊದಮೊದಲು ತಮಾಷೆ, ಆಮೇಲೆ ಅರ್ಧ ತಮಾಷೆ, ಆಮೇಲೆ ಒಂದು ದಿನ ಅತ್ತೆ ಒಣಗಿದ ಬಟ್ಟೆ ಮಡಚುತ್ತಾ, ತಲೆಯನ್ನೂ ಎತ್ತದೆ, ಕೆಲವರ ಕಾಲ್ಗುಣ ಹಾಗಿರುತ್ತಮ್ಮ, ನಿನ್ನ ತಪ್ಪೇನಲ್ಲ. ನಿನ್ನ ತಪ್ಪೇನಲ್ಲ! ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಇಷ್ಟು ಮೆತ್ತಗೆ ಕನಿಕರ ತೋರಿಸಿದರೆ ಏನು ಮಾಡುವುದು, ಅವಳೂ ಅತ್ತೆಯ ಜೊತೆ ಕೂತು ಬಟ್ಟೆ ಮಡಚಿದಳು, ದಿಂಬಿನ ಚೀಲಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದಳು.

ಇವತ್ತು ಬೆಳಿಗ್ಗೆ ತೀರ್ಮಾನವೇ ಆಗಿಹೋಯಿತು, ಗಂಡ ಚಪ್ಪಲಿ ಹುಡುಕುತ್ತಿದ್ದವನ ಹಾಗೆ ನೆಲ ನೋಡುತ್ತಾ, ಸ್ವಲ್ಪ ದಿನ ನೀನು ಬರೋದು ಬೇಡ ಬಿಡು, ಜನ ಹತ್ತೋಕೆ ಹಿಂದೆಮುಂದೆ ನೋಡ್ತಿದ್ದಾರೆ, ತಮ್ಮ ಮಗೂನ ಬಿಟ್ಟು ಬರ್ತಾನೆ — ಚಪ್ಪಲಿ ಕಾಲಲ್ಲೇ ಇತ್ತು. ಅಲ್ಲಿಗೂ ಬಿಡದೆ ಅವಳು ಕಟ್ಟೆಯವರೆಗೆ ಹಿಂದೆಯೇ ಬಂದಳು, ನಾನೂ ಬರ್ತೀನಿ, ಯಾರು ತಡೀತೀರೋ ನೋಡ್ತೀನಿ, ಮಗಳ ಒಂದು ಕಾಲು ದೋಣಿಯೊಳಗಿತ್ತು, ಇನ್ನೊಂದು ಕಟ್ಟೆಯ ಮೇಲೆ, ಅಮ್ಮ ಬರುತ್ತಿರುವುದನ್ನು ಕಂಡಿದ್ದೇ ತಡ, ಒಳಗಿಟ್ಟ ಕಾಲನ್ನು ಹೊರಗೆ ತೆಗೆದುಬಿಟ್ಟಿತು ಮಗು. ಬಿಳಿ ಕಾಲುಚೀಲ, ಅವಳೇ ಉಜ್ಜಿ ಒಗೆದದ್ದು. ಅಮ್ಮ ನೀನು ಬಂದ್ರೆ ನಾನು ಹೋಗಲ್ಲ, ನಿಂತ್ಹೋಗುತ್ತೆ. ಅಷ್ಟೇ ಅಂದಿದ್ದು, ಕೋಪವಿಲ್ಲ, ಅಳುವಿಲ್ಲ, ಬಿಸಿ ಪಾತ್ರೆ ಮುಟ್ಟಬಾರದು ಅಂತ ಕಲಿತ ಹಾಗೆ ಇದನ್ನೂ ಕಲಿತುಬಿಟ್ಟಿದೆ, ಯಾರು ಕಲಿಸಿದ್ದು, ಮನೆಯವರೆಲ್ಲ ಸೇರಿ ಕಲಿಸಿದ್ದು. ಅವಳು ಕಟ್ಟೆಯ ಮೇಲೇ ಉಳಿದಳು, ದೋಣಿ ಹೋಯಿತು. ಆ ಕಾಲು — ಬೇಡ, ಈಗ ಬೇಡ, ಮುಳ್ಳು ನೋಡು.

ಮುಳ್ಳು ಅಲ್ಲೇ ಇದೆ. ಇರದೆ ಏನು, ಮೈದುನ ಎರಡು ಸಲ ಪಂಪ್ ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ, ಪ್ರತಿ ಸಲವೂ ಖಾಲಿ ದೋಣಿಯಲ್ಲಿ ಚಾಲೂ ಮಾಡಿ ಕೈ ಒರೆಸಿಕೊಂಡು, ನೋಡಿ ಗಡಿಯಾರದ ಹಾಗೆ ಓಡ್ತಿದೆ, ಎಂಜಿನ್ನಲ್ಲಿ ಏನೂ ಇಲ್ಲ, ಅಂದರೆ ಇರುವುದೆಲ್ಲ ಅವಳಲ್ಲೇ. ಅಪ್ಪನ ಪಂಪ್ ರಿಪೇರಿ ಅಂಗಡಿಯಲ್ಲಿ ಅವಳು ಬರೀ ಲೆಕ್ಕ ನೋಡಿಕೊಂಡಿದ್ದವಳಲ್ಲ, ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಬೆಳೆದವಳು, ಅಪ್ಪ ಅನ್ನುತ್ತಿದ್ದದ್ದು ಒಂದೇ, ಅದು ಕೆಟ್ಟಾಗ ಏನೇನಿತ್ತೋ ಅದೆಲ್ಲ ಇಟ್ಟು ನೋಡೇ, ಒಂದೂ ಬಿಡಬೇಡ. ಏನೇನಿತ್ತು ಆಗ? ಪೂರ್ತಿ ಜೋರಿತ್ತು, ಈಗಲೂ ಇದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು, ಇದೆ. ಉಳಿದದ್ದು ಅವಳೇ. ತನ್ನ ಸೀಟಿನಲ್ಲಿ ಕೂತ ಅವಳು. ಕೂರಲು ಮನಸ್ಸಿಲ್ಲ, ಕೂತ ಮೇಲೆ ಮುಳ್ಳು ಬಿದ್ದರೆ ಅವರೆಲ್ಲ ಗೆದ್ದ ಹಾಗೆ, ಆದರೂ ಗೇಜಿನ ಉದ್ದನೆಯ ಟ್ಯೂಬನ್ನು ಎಳೆದುಕೊಂಡು, ಗೇಜನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಏನೂ ಇಲ್ಲ, ಏನೂ ಇಲ್ಲ, ನೋಡಿದಿರಾ ಏನೂ — ಮುಳ್ಳು ನಡುಗಿತು. ನಡುಗಿ, ಸ್ವಲ್ಪ ಇಳಿಯಿತು, ಮತ್ತೆ ಇಳಿಯಿತು, ಎಂಜಿನ್ ಆ ಹಳೆಯ ಕೆಮ್ಮು ಕೆಮ್ಮಿತು, ನಾನೇನಾ, ನಿಜವಾಗಿಯೂ ನಾನೇನಾ, ಒಂದು ಗಳಿಗೆ ಅವಳೂ ನಂಬಿಬಿಟ್ಟಳು, ಹಾರಿ ಎದ್ದಳು, ಮುಳ್ಳು ತಡವರಿಸಿ ಮೇಲೆ ಹತ್ತಿತು, ದ್ರೋಹಿ, ನೀನೂ ಅವರ ಕಡೆಯೇನೋ.

ಮತ್ತೆ ಕೂತಳು, ಹಲ್ಲು ಕಚ್ಚಿಕೊಂಡು, ಈ ಸಲ ಮುಳ್ಳಿನ ಜೊತೆಗೆ ಪೈಪಿನ ಮೇಲೂ ಕಣ್ಣಿಟ್ಟು, ಮುಳ್ಳು ಇಳಿಯುತ್ತಿದ್ದ ಹಾಗೇ ಪೈಪಿನ ನಡುವೆ ಇರುವ ರಬ್ಬರ್ ಬಲ್ಬು, ಚಾಲೂ ಮಾಡುವ ಮುಂಚೆ ಕೈಯಲ್ಲಿ ಒತ್ತುತ್ತಾರಲ್ಲ ಅದು, ತನ್ನಷ್ಟಕ್ಕೆ ತಾನೇ ಒಳಕ್ಕೆ ಸೇದಿಕೊಂಡು ಚಪ್ಪಟೆಯಾಗುತ್ತಿದೆ. ಎಂಜಿನ್ ಹೀರುತ್ತಿದೆ, ಪೆಟ್ರೋಲು ಬರುತ್ತಿಲ್ಲ, ಪಂಪ್ ಪಾಪ ಹೀರಿ ಹೀರಿ ಸಾಯುತ್ತಿದೆ, ಪಂಪಿನದೇನು ತಪ್ಪು ಮೈದುನ ಮಹಾಶಯ, ಬಲ್ಬಿಗೆ ಮುಂಚೆಯೇ ಎಲ್ಲೋ ಏನೋ ಪೈಪಿನ ಕತ್ತು ಹಿಸುಕುತ್ತಿದೆ, ಟ್ಯಾಂಕಿಗೂ ಬಲ್ಬಿಗೂ ನಡುವೆ ಏನಿದೆ, ದೋಣಿಯ ತಳದ ಹಲಗೆಯ ಕೆಳಗೆ ಹಾದುಹೋಗುವ ಪೈಪಿದೆ, ಹಲಗೆಯ ಮೇಲೆ — ಅವಳು ಕೂತಿದ್ದಾಳೆ. ಎಂಜಿನ್ ಆರಿಸಿ ಹಲಗೆ ಎಬ್ಬಿಸಿದಳು, ಉಗುರು ಮುರಿಯಿತು, ಮುರಿಯಲಿ. ಅಲ್ಲಿದೆ. ಸೀಟಿನ ಕಾಲಿಗೆ ಹಲಗೆಯಡಿ ಬೋಲ್ಟು ಹಾಕಿದ ಕಬ್ಬಿಣದ ತಟ್ಟೆ ನೇರ ಪೈಪಿನ ಮೇಲೆ, ಭಾರ ಬಿದ್ದರೆ ಹಲಗೆ ಬಾಗುತ್ತದೆ, ತಟ್ಟೆ ಪೈಪನ್ನು ಒತ್ತುತ್ತದೆ, ಇಷ್ಟೇ. ಬೆನ್ನಿನ ಆಪರೇಷನ್ ಆದಮೇಲೆ ಅವಳಿಗೆ ಬರೀ ಹಲಗೆಯ ಮೇಲೆ ಕೂರಲು ಆಗುವುದಿಲ್ಲವೆಂದು ಗಂಡ ತಾನೇ ಕೂತು ಬೋಲ್ಟು ಹಾಕಿದ ಮೆತ್ತನೆಯ ಸೀಟು, ರಾಣಿ ಸೀಟು ಅಂತ ಮೈದುನ ಛೇಡಿಸಿದ ಮೇಲೆ ಬೇರೆ ಯಾರೂ ಕೂರದ ಸೀಟು, ಆವತ್ತು ಆ ಸೀಟಿಗೆ ಅವಳ ಕಣ್ಣು ತುಂಬಿತ್ತು, ಇವತ್ತು ಅದನ್ನು ಕಿತ್ತು ನೀರಿಗೆಸೆಯುವಷ್ಟು ಸಿಟ್ಟು, ಅವನ ಮೇಲೆ, ಪ್ರೀತಿಯಿಂದ ಬೋಲ್ಟು ಹಾಕಿ ಆಮೇಲೆ ಬಾಯಿ ಹೊಲಿದುಕೊಂಡವನ ಮೇಲೆ.

ಅವಳು ಪೈಪು ಸರಿಸಲಿಲ್ಲ. ಹಲಗೆಯನ್ನು ಇದ್ದ ಹಾಗೇ ಮುಚ್ಚಿ ಮನೆಗೆ ಹೋಗಿ, ಉಣ್ಣುತ್ತಿದ್ದವರನ್ನು ಕೈ ತೊಳೆಯಲೂ ಬಿಡದೆ ಎಬ್ಬಿಸಿಕೊಂಡು ಬಂದಳು, ಅತ್ತೆ, ಇಲ್ಲಿ ಕೂತ್ಕೊಳ್ಳಿ. ನಾನ್ಯಾಕಮ್ಮ? ಕೂತ್ಕೊಳ್ಳಿ ಅಂದೆ. ಯಾರ ಕಾಲ್ಗುಣದಿಂದ ಈ ಮನೆಗೆ ದೋಣಿ ಬಂತೆಂದು ಎಲ್ಲರೂ ಹೇಳುತ್ತಾರೋ ಆ ಅತ್ತೆ ಮುದುಡಿಕೊಂಡು ಕೂತರು, ಎಂಜಿನ್ ಜೋರಾಯಿತು, ಮುಳ್ಳು ನಡುಗಿತು, ಇಳಿಯಿತು, ಎಂಜಿನ್ ಕೆಮ್ಮಿತು, ಸತ್ತಿತು. ಅವಳು ಹಲಗೆ ಎತ್ತಿ ತೋರಿಸಿದಳು. ಮೈದುನ ಬಗ್ಗಿ ನೋಡಿ, ಓ, ಪೈಪ್ ಒತ್ಕೊಂಡಿತ್ತಾ, ಅಷ್ಟೇನಾ. ಅಷ್ಟೇನಾ! ಗಂಡ ಪೈಪನ್ನು ಪಕ್ಕಕ್ಕೆ ಸರಿಸಿ ಕಟ್ಟುತ್ತಾ, ನಾನೇ ಹಾಕಿದ ಸೀಟು ನೋಡು, ಎಂಥ ಕೆಲಸ ಮಾಡಿಬಿಟ್ಟೆ ಅಂತ ನಕ್ಕ, ಆ ನಗುವಿಗೆ ಅವಳು ಜೊತೆ ಕೊಡಲಿಲ್ಲ, ಅತ್ತೆಯಂತೂ ಸೀರೆ ಸರಿಮಾಡಿಕೊಂಡು ಎದ್ದು, ನಾನು ಆವಾಗ್ಲೇ ಹೇಳ್ಲಿಲ್ವೇನಮ್ಮ, ನಿನ್ನ ತಪ್ಪೇನಲ್ಲ ಅಂತ. ಮುಗಿಯಿತು, ಊಟ ಆರಿಹೋಯ್ತು ನಡೀರಿ ಅಂತ ಎಲ್ಲರೂ ಹೊರಟರು.

ಸ್ಕೂಲು ಬಿಡುವ ಹೊತ್ತಿಗೆ ಅವಳೇ ದೋಣಿ ಹತ್ತಿ ಕೂತಳು, ರಾಣಿ ಸೀಟಿನಲ್ಲೇ, ಮೈಭಾರವನ್ನೆಲ್ಲ ಬಿಟ್ಟು, ಗಂಡ ಜೋರು ಕೊಟ್ಟ, ನಡುನೀರು ಬಂತು, ಹೋಯಿತು, ಬಲ್ಬು ದುಂಡಗಿದೆ, ಕೆಮ್ಮಿಲ್ಲ, ಆಚೆ ದಡದ ಕಟ್ಟೆಯ ಮೇಲೆ ಮಗಳು ಬ್ಯಾಗು ಹಿಡಿದು ನಿಂತಿದ್ದಾಳೆ, ಪುಟ್ಟೀ ಸರಿಹೋಯ್ತು, ಪೈಪು ಒತ್ಕೊಂಡಿತ್ತು ಕಣೆ, ನೋಡು ನಾನು ಕೂತಿದ್ದೀನಿ, ಓಡ್ತಾ ಇದೆ ನೋಡು, ಕೂಗಿ ಕೂಗಿ ಗಂಟಲು ಒಡೆಯಿತು, ಮಗು ಎಂಜಿನ್ ನೋಡಿತು, ಅಪ್ಪನನ್ನು ನೋಡಿತು, ಅಮ್ಮನನ್ನು ನೋಡಿತು, ಹೂಂ ಅಂದಿತು, ಕಾಲೆತ್ತಿತು, ಬಾ, ಬಾ ಮಗಳೇ, ಬಿಳಿ ಕಾಲುಚೀಲ, ದೋಣಿಯ ಅಂಚಿನ ಮೇಲೆ, ಎಂಜಿನ್ ನಿಂತಿಲ್ಲ, ಇನ್ನೂ ನಿಂತಿಲ್ಲ, ಮಗು ಇನ್ನೂ ಎಂಜಿನ್ನನ್ನೇ ನೋಡುತ್ತಿದೆ, ಆ ಕಾಲನ್ನು ಒಳಗೂ ಇಡದೆ, ಹೊರಗೂ ತೆಗೆಯದೆ, ಅಲ್ಲೇ, ಆ ಬಿಳಿ ಕಾಲುಚೀಲ