ಪ್ರಾಚಿಯ ಗಂಜಿ

ಬಾದಾಮಿಯ ಆ ಮನೆಯಲ್ಲಿ ಜ್ವರಕ್ಕೆ ಮೊದಲ ಮದ್ದೆಂದರೆ ಹೊಟ್ಟೆಗೆ ಬೀಗ. ಜ್ವರ ಇಳಿಯುವವರೆಗೆ ಬಿಸಿನೀರು, ಶುಂಠಿ ಕಷಾಯ, ಮುಗಿಯಿತು. ಭಾಗೀರಥೀಬಾಯಿ ತಮ್ಮ ಮಕ್ಕಳನ್ನೂ ಹಾಗೇ ಬೆಳೆಸಿದವರು, ಅವರನ್ನು ವಾದದಲ್ಲಿ ಗೆದ್ದವರು ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಈಗ ಜ್ವರ ಬಂದಿರುವುದು ಮೊಮ್ಮಗಳು ಪ್ರಾಚಿಗೆ. ಮಗಳು ರೋಹಿಣಿಯೂ ಹಟದಲ್ಲಿ ತಾಯಿಗೇನೂ ಕಡಿಮೆಯಿರಲಿಲ್ಲ.

ರೋಹಿಣಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೋದ ವರ್ಷ ಬರೀ ನೆಗಡಿ ಜ್ವರಕ್ಕೆ ಪ್ರಾಚಿ ಎಚ್ಚರ ತಪ್ಪಿದಾಗ ಬಾಗಲಕೋಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ದೋಷ ಎಂದಿದ್ದರು. ಜ್ವರದಲ್ಲಿ ಹುಡುಗಿ ಹಸಿದಿರಕೂಡದು, ಉಣ್ಣದಿದ್ದರೆ ತಡಮಾಡದೆ ಕರೆತಂದು ಸಲೈನ್ ಹಾಕಿಸಿ ಎಂದು ಎಚ್ಚರಿಸಿದ್ದರು. ರೋಹಿಣಿ ಇದನ್ನು ತಾಯಿಗೂ ಹೇಳಿದ್ದಳು, ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಇಂದು ರೋಹಿಣಿ ಶಾಲೆಗೆ ಹೋದ ಮೇಲೆ ಜ್ವರ ಏರಿತ್ತು. ಮಧ್ಯಾಹ್ನ ಬಂದು ನೋಡಿದರೆ ಮಗಳು ಬಾಡಿ ಮಲಗಿದ್ದಾಳೆ, ಮಾಡಿಟ್ಟ ಊಟ ಹಾಗೇ ಇದೆ.

"ಅವ್ವಾ, ಮುಂಜಾನಿಂದ ಏನೂ ಕೊಟ್ಟಿಲ್ಲೇನು?"

"ಜ್ವರದಾಗ ಯಾರರ ಉಣಸ್ತಾರೇನು? ಹೊಟ್ಟಿ ಖಾಲಿ ಇದ್ರ ಜ್ವರ ತಾನ ಇಳೀತದ."

ರೋಹಿಣಿ ಗ್ಯಾಸ್ ಹಚ್ಚಿ ಗಂಜಿಗೆ ಇಟ್ಟಳು. ಬೆಲ್ಲ ಹಾಕುತ್ತಲೇ ಹೇಳಿದಳು, "ಮೈಯ ಕಣಕಣದಾಗೂ ಸಣ್ಣ ಸಣ್ಣ ಒಲಿ ಇರ್ತಾವ. ಜಡ್ಡಿನ ಕೂಡ ಬಡಿದಾಡೋ ಬಿಳಿ ರಕ್ತಕಣಕ್ಕೂ ಆ ಒಲಿನೇ ಶಕ್ತಿ ಕೊಡಬೇಕು. ಯಾವಾಗ ಬಡಿದಾಡಬೇಕು, ಯಾವಾಗ ಸುಮ್ಮನಾಗಬೇಕು ಅನ್ನೋದೂ ಅದರ ಮ್ಯಾಲೇ ಅದ. ಇಕಿ ಒಲಿ ಹುಟ್ಟಿನಿಂದ ಮಂದ. ಉಪವಾಸ ಕೆಡವಿದ್ರ ಆ ಕಣಗೋಳು ಸೋತು ಬೀಳ್ತಾವ, ಇಲ್ಲಾ ದಿಕ್ಕ ತಪ್ಪಿ ಇಕಿ ಮ್ಯಾಲೇ ತಿರುಗಿ ಬೀಳ್ತಾವ."

"ಎಲ್ಲಿಂದ ಬಂತಿದು? ಅವರಪ್ಪನ ಕಡೀದೇನು?"

"ಅಲ್ಲ. ಇದು ತಾಯಿಂದ ಬರ್ತದ. ಇಕಿಗೆ ನನ್ನಿಂದ, ನನಗ ನಿನ್ನಿಂದ."

ಭಾಗೀರಥೀಬಾಯಿ ಗೋಡೆಗೆ ಒರಗಿ ಕೂತರು. ರೋಹಿಣಿಯ ತಮ್ಮ ವಿಠ್ಠಲ ಚಿಕ್ಕವನಿದ್ದಾಗಲೇ ಜ್ವರದಲ್ಲಿ ತೀರಿಹೋಗಿದ್ದ.

"ಹಂಗಾದ್ರ... ವಿಠ್ಠಲಗೂ ಇದ ಇತ್ತೇನ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಆದರೆ ಹಾಗೆಂದರೆ ನಾಳೆ ತಾನು ಶಾಲೆಗೆ ಹೋದಾಗ ಮಗಳು ಮತ್ತೆ ಉಪವಾಸ ಬೀಳುತ್ತಾಳೆ. ರೋಹಿಣಿ ಹಲ್ಲು ಕಚ್ಚಿ ಹೇಳಿದಳು.

"ಇದ್ದರೂ ಇರಬಹುದು, ಅವ್ವಾ. ಆವಾಗ ಯಾರಿಗೂ ಗೊತ್ತಿರಲಿಲ್ಲ."

ತಾಯಿ ಈಗ ಅಳುತ್ತಾರೆ ಎಂದುಕೊಂಡಳು. ಅವರು ಅಳಲಿಲ್ಲ. ಎದ್ದು ಬಂದು ಗಂಜಿಯ ಬಟ್ಟಲನ್ನು ಅವಳ ಕೈಯಿಂದ ಕಸಿದುಕೊಂಡರು. ಮೊಮ್ಮಗಳನ್ನು ಎಬ್ಬಿಸಿ, ತಮ್ಮ ಎದೆಗೆ ಒರಗಿಸಿ ಕೂರಿಸಿಕೊಂಡರು.

"ನೀ ಗಾಡಿಗೆ ಫೋನ್ ಹಚ್ಚು. ಉಣ್ಣದಿದ್ರ ಬಾಗಲಕೋಟಿಗೆ ಒಯ್ಯೋಣ."

ಪ್ರಾಚಿ ಒಲ್ಲೆ ಎಂದು ಮುಖ ತಿರುಗಿಸಿದಳು. ಭಾಗೀರಥೀಬಾಯಿಯವರ ಕೈಯ ಚಮಚ ಅವಳ ಬಾಯಿಯ ಬಳಿಯೇ ನಿಂತಿತ್ತು.

"ವಿಠ್ಠಲ ಅನ್ನ ಕೊಡವ್ವಾ ಅಂತ ಬೇಡಿದ್ದ, ನಾ ಕೊಡಲಿಲ್ಲ. ನೀ ಒಲ್ಲೆ ಅಂದ್ರೂ ಬಿಡೂದಿಲ್ಲ. ಬಾಯಿ ತಗಿ, ನನ್ನವ್ವ."