ಅಕ್ಕನ ಗೋಡೆಗೆ ಹಚ್ಚಿದ ಸಿಮೆಂಟು

ನಾನು ಗಾರೆ ಮೇಸ್ತ್ರಿ. ಇಪ್ಪತ್ತೈದು ವರ್ಷ ಸಿಮೆಂಟು ಕಲಸಿ ಕಲಸಿ ಉಗುರಿನ ಬಣ್ಣವೇ ಬದಲಾಗಿದೆ. ನನಗೆ ಕೋಪ ಮೂಗಿನ ತುದಿಯಲ್ಲಿ ಅನ್ನುತ್ತಾರೆ ಜನ. ಸುಳ್ಳು, ನಾಲಿಗೆಯ ತುದಿಯಲ್ಲೇ ಇದೆ. ಇಂಥವನಿಗೆ ದೇವರು ಎಂಥ ಅಕ್ಕನನ್ನು ಕೊಟ್ಟ ನೋಡಿ, ಮಣ್ಣಿನಲ್ಲಿ ಮನೆ ಕಟ್ಟುವವಳು!

ಆಫೀಸಿನಲ್ಲಿ ಕೂತು ನಕ್ಷೆ ಬರೆಯುವ ಒಳ್ಳೆಯ ಕೆಲಸ ಬಿಟ್ಟು, ಹನ್ನೆರಡು ವರ್ಷ ದೇಶ ದೇಶ ತಿರುಗಿ, ಅಲ್ಲಿನ ಕೆಲಸಗಾರರ ಜೊತೆ ಮಣ್ಣು ಹೊತ್ತು ಕಲಿತು ಬಂದಳು. ಮರಳುಗಾಡಿನ ಅಂಚಿನಲ್ಲಿ ಆರೇಳು ಅಂತಸ್ತಿನ ಮಣ್ಣಿನ ಮನೆಗಳು ತಲೆಮಾರುಗಳಿಂದ ನಿಂತಿವೆಯಂತೆ. ಭೂಮಿ ನಡುಗುವ ಕಡೆ ಬಿದಿರಿನ ಮನೆ ಓಲಾಡಿ ಮತ್ತೆ ನೆಟ್ಟಗಾಗುತ್ತದಂತೆ. ಹಿಮ ಬೀಳುವ ಕಡೆ ಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯ ಹಾಗೆ ಪೇರಿಸಿ ಮೇಲೆ ಮಣ್ಣು ಮೆತ್ತುತ್ತಾರಂತೆ.

"ಹಸು ಬಂದು ಗೋಡೆ ತಿಂದ್ಬಿಟ್ರೆ ಏನ್ಮಾಡ್ತಾರೆ?" ಎಂದು ಕೇಳಿದೆ.

"ಹಸುಗೆ ನಿನಗಿಂತ ಬುದ್ಧಿ ಇದೆ ಬಿಡು," ಎಂದಳು.

ಎರಡು ವರ್ಷ ಹಿಡಿದು ತನ್ನ ಮನೆಯನ್ನು ತಾನೇ ಕಟ್ಟಿದಳು. ಮಣ್ಣು, ಮರಳು, ಕತ್ತರಿಸಿದ ಹುಲ್ಲು ಹಾಕಿ ಕಾಲಲ್ಲಿ ತುಳಿದು, ಉಂಡೆ ಮಾಡಿ, ಒಂದರ ಮೇಲೊಂದು ಕೂರಿಸಿ ಬಡಿದಳು. ಗೋಡೆ ಮೊಳಕ್ಕಿಂತ ದಪ್ಪ. ಮೂಲೆಗಳೆಲ್ಲ ದುಂಡಗೆ. ಕಿಟಕಿಯ ಕೆಳಗೆ ಗೋಡೆಯಲ್ಲೇ ಕಡೆದ ಕಟ್ಟೆ, ಕೂತರೆ ಏಳಲು ಮನಸ್ಸಾಗದು. ಹೊರಗೆ ತಲೆ ಸುಡುವ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ತಣ್ಣಗೆ. ನಾನೇ ಸಿಮೆಂಟಿನಲ್ಲಿ ಕಟ್ಟಿಕೊಂಡ ನನ್ನ ಮನೆಯಲ್ಲಿ ಮೂರು ಫ್ಯಾನು ಗರಗರ ತಿರುಗಿದರೂ ಬೆವರು ನಿಲ್ಲುವುದಿಲ್ಲ. ಹೊಟ್ಟೆಕಿಚ್ಚಾಯಿತೇ ಎಂದರೆ ಆಯಿತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಅವಳ ಮುಂದೆ ಮಾತ್ರ ಬಾಯಿ ಬಿಡಲಿಲ್ಲ.

ಆದರೆ ಆ ಮನೆಗೆ ಪರವಾನಗಿ ಇನ್ನೂ ಪೂರ್ತಿ ಸಿಕ್ಕಿರಲಿಲ್ಲ. ಕಟ್ಟಡ ಇಲಾಖೆಯ ಎಂಜಿನಿಯರು ಒಂದು ಷರತ್ತು ಹಾಕಿದ್ದರು. ಒಂದು ಮಳೆಗಾಲ ಕಳೆಯಲಿ, ಆಮೇಲೆ ಬಂದು ತೇವ ಅಳೆಯುತ್ತೇನೆ, ಗೋಡೆ ಒಣಗಿದ್ದರೆ ಸರಿ, ನೆನೆದಿದ್ದರೆ ಮನೆ ಕೆಡವಬೇಕು ಎಂದು.

ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕ ಹತ್ತು ದಿನ ಯಾವುದೋ ಊರಿಗೆ ಮಣ್ಣಿನ ಕೆಲಸ ಕಲಿಸಲು ಹೋದಳು. ಮನೆ ನೋಡಿಕೊಳ್ಳಲು ನನಗೆ ಹೇಳಿದ್ದಳು. ಮೊದಲ ಮಳೆ ದಬದಬ ಸುರಿಯಿತು. ಸೂರಿನ ನೀರು ನೆಲಕ್ಕೆ ಬಿದ್ದು ಹಿಂದಿನ ಗೋಡೆಯ ಬುಡಕ್ಕೆ ಸಿಡಿಯುತ್ತಿತ್ತು. ಅಯ್ಯೋ, ಎರಡು ವರ್ಷದ ಬೆವರು ಕೊಚ್ಚಿಕೊಂಡು ಹೋಗುತ್ತದಲ್ಲ! ನನಗೆ ಗೊತ್ತಿದ್ದ ಮದ್ದು ಒಂದೇ. ಎರಡು ಮೂಟೆ ಸಿಮೆಂಟು ತಂದು, ಬುಡದಿಂದ ಮಂಡಿಯೆತ್ತರದವರೆಗೆ ಗಟ್ಟಿಯಾಗಿ ಗಾರೆ ಹಚ್ಚಿದೆ. ಅಕ್ಕ ಕಂಡರೆ ರಂಪ ಮಾಡುತ್ತಾಳೆಂದು ಮೇಲೆ ಅವಳದೇ ಮಣ್ಣನ್ನು ತೆಳ್ಳಗೆ ಸವರಿದೆ. ಕೈಕೆಲಸದಲ್ಲಿ ನಾನೇನು ಕಡಿಮೆಯೇ? ಊರಿಂದ ಬಂದವಳು ಗೋಡೆಯನ್ನು ನೇವರಿಸಿ ನೋಡಿದಳು, ಅವಳಿಗೂ ಗೊತ್ತಾಗಲಿಲ್ಲ. ಗೆದ್ದೆ ಎಂದುಕೊಂಡೆ.

ಎರಡು ತಿಂಗಳಿಗೆ ಆ ಗೋಡೆಯ ಒಳಮೈ ಕಪ್ಪಿಟ್ಟಿತು. ಮುಟ್ಟಿದರೆ ಬೆರಳಿಗೆ ಮಣ್ಣು ಕಿತ್ತು ಬರುತ್ತಿತ್ತು. ಮುಗ್ಗಲು ವಾಸನೆ ಬೇರೆ. ಅಕ್ಕ ಸೂರು ಹತ್ತಿ ನೋಡಿದಳು. ಸುತ್ತ ಚರಂಡಿ ತೋಡಿ ಜಲ್ಲಿ ತುಂಬಿದಳು. ಅಡಿಪಾಯದ ಕಲ್ಲು ಬಗೆದು ನೋಡಿದಳು. ಎಲ್ಲ ಸರಿಯಿತ್ತು, ಗೋಡೆ ಮಾತ್ರ ನೆನೆಯುತ್ತಲೇ ಇತ್ತು. ಮನೆಗೆಲ್ಲ ಅದೊಂದೇ ಗೋಡೆ ಯಾಕೆ ಎಂದು ಅವಳು ನನ್ನನ್ನೇ ಕೇಳಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಥಟ್ಟನೆ, "ನನಗೇನು ಗೊತ್ತು? ನಂದು ಸಿಮೆಂಟಿನ ಕೆಲ್ಸ," ಎಂದೆ. ನಿಜಕ್ಕೂ ಆಗ ಗೊತ್ತಿರಲಿಲ್ಲ. ಆದರೆ ಒಂದು ದಿನ ಅವಳಿಲ್ಲದಾಗ ಹಿಂದೆ ಹೋಗಿ ಬಗ್ಗಿ ನೋಡಿದೆ. ಮಣ್ಣಿಗೂ ನನ್ನ ಗಾರೆಗೂ ನಡುವೆ ಕೂದಲೆಳೆಯಷ್ಟು ಬಿರುಕು. ಬಿಸಿಲು ಮಳೆಗೆ ಮಣ್ಣು ಮಿಸುಕುತ್ತದೆ, ಸಿಮೆಂಟು ಮಿಸುಕುವುದಿಲ್ಲ. ಬಿರುಕಿನಲ್ಲಿ ಇಳಿದ ನೀರು ಆಚೆ ಬರಲು ದಾರಿಯಿಲ್ಲದೆ ಒಳಗೇ ಕೊಳೆಯುತ್ತಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ತಳ್ಳಿದೆ.

ಅಷ್ಟರಲ್ಲಿ ಬೀದಿಯ ಕೊನೆಯ ದರ್ಜಿಯಮ್ಮ ಬಂದು, ತನಗೂ ಇಂಥದೇ ಮನೆ ಕಟ್ಟಿಕೊಡು ಎಂದು ಅಕ್ಕನನ್ನು ಕೇಳಿದಳು. "ಬೇಡ ಕಣಮ್ಮ. ನನ್ನ ಕೈಯಲ್ಲೇ ಏನೋ ದೋಷ ಇದೆ. ನಿಮ್ಮ ಮನೆ ಯಾಕೆ ಹಾಳು ಮಾಡ್ಲಿ?" ಎಂದು ಅಕ್ಕ ಕಳಿಸಿಬಿಟ್ಟಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ.

ಎಂಜಿನಿಯರು ಬರುವ ದಿನ ಬಂತು. ಜೊತೆಗೆ ತಮಾಷೆ ನೋಡಲು ಬಂದ ಇಬ್ಬರು ಗುತ್ತಿಗೆದಾರರು, ಇಬ್ಬರಿಗೂ ನಾನು ಕೆಲಸ ಮಾಡಿಕೊಟ್ಟವನೇ. ತೇವ ಅಳೆಯುವ ಯಂತ್ರವನ್ನು ಮೂರು ಗೋಡೆಗೆ ಚುಚ್ಚಿ ಎಂಜಿನಿಯರು ಹುಬ್ಬೇರಿಸಿದರು. "ನಮ್ಮ ಆಫೀಸಿನ ಗೋಡೆಗಿಂತ ಒಣಗಿದೆಯಲ್ರೀ!" ಎಂದರು. ನಾಲ್ಕನೆಯ ಗೋಡೆಗೆ ಚುಚ್ಚಿದಾಗ ಯಂತ್ರ ಕಿರ್ರೆಂದು ಕಿರುಚಿತು.

"ನಾನು ಮೊದ್ಲೇ ಹೇಳಿದ್ದೆ ಮೇಡಂ. ಎಷ್ಟಂದ್ರೂ ಮಣ್ಣು ಮಣ್ಣೇ," ಎಂದು ಪೆನ್ನು ತೆಗೆದರು.

ಅಕ್ಕ ವಾದಿಸಲಿಲ್ಲ. ದೇಶ ದೇಶದ ಗೋಡೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವಳು ತಲೆ ತಗ್ಗಿಸಿ, "ಬರೀರಿ ಸಾರ್," ಎಂದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ನಿಲ್ಸಿ ಸಾರ್!" ಎಂದು ಕೂಗಿಯೇಬಿಟ್ಟೆ. ಉಳಿ, ಸುತ್ತಿಗೆ ತಂದು ಹೊರಗಡೆಯಿಂದ ಬುಡಕ್ಕೆ ನಾಲ್ಕು ಏಟು ಹಾಕಿದೆ. ಮಣ್ಣಿನ ತೆಳು ಪದರದ ಕೆಳಗಿನಿಂದ ಬೂದು ಬಣ್ಣದ ಗಾರೆ ಹಲಗೆಯ ಹಾಗೆ ಕಳಚಿ ಬಿತ್ತು. ಅದರ ಹಿಂದೆ ಮಣ್ಣು ತೊಟ್ಟಿಕ್ಕುವಷ್ಟು ಒದ್ದೆ. "ಇದು ಮಣ್ಣಿನ ತಪ್ಪಲ್ಲ. ಸಿಮೆಂಟಿನ ತಪ್ಪು. ಹಚ್ಚಿದವನು ನಾನು, ಅಕ್ಕನಿಗೆ ಹೇಳ್ದೆ ಹಚ್ಚಿದ್ದು."

ಗುತ್ತಿಗೆದಾರರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ನಗಲಿ ಎಂದು ಬಿಟ್ಟೆ. ಎಂಜಿನಿಯರು ಬಗ್ಗಿ ಒದ್ದೆ ಮಣ್ಣನ್ನು ಹಿಸುಕಿ ನೋಡಿದರು, ಪಕ್ಕದ ಗೋಡೆಯ ಬುಡ ಕೆರೆದು ನೋಡಿದರು, ಅಲ್ಲಿ ಒಣ ಪುಡಿ ಉದುರಿತು. "ಒಂದು ತಿಂಗಳು ಟೈಮ್ ಕೊಡ್ತೀನಿ," ಎಂದು ಪೆನ್ನು ಜೇಬಿಗಿಟ್ಟರು.

ಅವರು ಹೋದ ಮೇಲೆ ಅಕ್ಕ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬಿದ್ದ ಗಾರೆಯ ಚೂರು ಹಿಡಿದು ಕೂತು ಅಳತೊಡಗಿದಳು.

"ಸಿಮೆಂಟು ಹಚ್ಚಿದ್ದಕ್ಕಲ್ವೋ. ಅದು ಪ್ರೀತಿಗೆ ಹಚ್ಚಿದ್ದು, ಗೊತ್ತಾಗುತ್ತೆ. ಆದ್ರೆ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗ್ತಿತ್ತಲ್ಲೋ, ನೋಡ್ಕೊಂಡು ಸುಮ್ನೆ ಕೂತಿದ್ಯಲ್ಲ!"

"ತಪ್ಪಾಯ್ತಕ್ಕಾ," ಎಂದೆ. ಬುದ್ಧಿ ಬಂದ ಮೇಲೆ ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಮಾರನೆಯ ದಿನದಿಂದ ಗಾರೆಯನ್ನೆಲ್ಲ ಕಿತ್ತೆವು. ಗೋಡೆಗೆ ಗಾಳಿ ಬಿಟ್ಟೆವು. ಒಣಗಿದ ಮೇಲೆ ಹಾಳಾದಷ್ಟನ್ನು ಕೆರೆದು ಹೊಸ ಉಂಡೆ ಕೂರಿಸಿದೆವು. ಮಣ್ಣು ತುಳಿದವನು ನಾನು. "ಹಿಮ್ಮಡಿ ಊರಿ ತುಳಿಯೋ, ಮದುವೆಮನೆ ಹುಡುಗನ ಹಾಗೆ ನಾಚ್ಕೋಬೇಡ," ಎಂದು ಅಕ್ಕ ಗದರುತ್ತಿದ್ದಳು. ಮೊದಮೊದಲು ಮೈಯೆಲ್ಲ ನೋವು. ಆಮೇಲೆ ತಿಳಿಯಿತು, ಇದು ನನ್ನ ಕೆಲಸಕ್ಕಿಂತ ಸುಲಭದ್ದೇನಲ್ಲ. ಎಷ್ಟು ನೀರು, ಎಷ್ಟು ಹುಲ್ಲು ಎಂಬುದು ಅವಳ ಅಂಗಾಲಿಗೇ ಗೊತ್ತು. ಎಂಥ ಹೆಂಗಸು ಮಾರಾಯರೇ ಅವಳು!

ತಿಂಗಳಾದ ಮೇಲೆ ಎಂಜಿನಿಯರು ಬಂದು ನಾಲ್ಕನೆಯ ಗೋಡೆಗೆ ಯಂತ್ರ ಚುಚ್ಚಿದರು. ಯಂತ್ರ ಸದ್ದು ಮಾಡಲಿಲ್ಲ. ಅವರು ಕಾಗದಕ್ಕೆ ಸಹಿ ಹಾಕಿ ಅಕ್ಕನ ಕೈಗೆ ಕೊಟ್ಟರು.

ಅಕ್ಕ ಕಾಗದವನ್ನು ಮಡಚಿ ಕಿಟಕಿಯಲ್ಲಿಟ್ಟು ನನ್ನ ಕಡೆ ತಿರುಗಿದಳು.

"ದರ್ಜಿಯಮ್ಮನಿಗೆ ನಾನು ಹೇಳಿ ಕಳಿಸಿದ್ದು ನೀನೂ ಕೇಳಿಸ್ಕೊಂಡಿದ್ದೆ ಅಲ್ವಾ?"

"ಹೂಂ."

"ಹಾಗಾದ್ರೆ ಹೋಗು. ನನ್ನ ಕೈ ಸರಿಯಿದೆ ಅಂತ ನೀನೇ ಹೇಳಿ ಬಾ."

ಕಾಲಿನ ಮಣ್ಣನ್ನೂ ತೊಳೆಯದೆ ಬೀದಿಯ ಕೊನೆಗೆ ಹೋದೆ. ದರ್ಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಏನು ಮೇಸ್ತ್ರಿ, ಯಾವಾಗಲೂ ದುಸುಮುಸು ಅನ್ನೋರು ಇವತ್ತು ಇಷ್ಟು ಮೆತ್ತಗೆ ಬಂದಿದೀರಿ ಎಂದು ಕೇಳಿದಳು. ನಾನು ಬಾಗಿಲಲ್ಲೇ ನಿಂತು, ಒಂದನ್ನೂ ಬಿಡದೆ, ಮೊದಲಿನಿಂದ ಎಲ್ಲವನ್ನೂ ಹೇಳಿದೆ.