ಬ್ರೆಡ್ಡಿನ ತುದಿಯೂ ಗಿಣಿಯ ಲೆಕ್ಕವೂ

ಬೇಕರಿಯ ಒಲೆ ಆರಿತ್ತು. ಬೇಕರಿಯವನ ಕೋಪ ಮಾತ್ರ ಆರಿರಲಿಲ್ಲ.

"ಸ್ಕೂಲು ಸಾಕು. ಇವಳ ತಲೆಗೆ ಲೆಕ್ಕ ಹತ್ತಲ್ಲ. ನಾಳೆಯಿಂದ ನನ್ನ ಜೊತೆ ಹಿಟ್ಟು ನಾದಲಿ!"

ಮಗಳು ಗಿಣಿ ಹಿಟ್ಟಿನ ಮೂಟೆಗಳ ಸಂದಿಯಲ್ಲಿ ಮುಖ ಹುದುಗಿಸಿ ಕೂತಿದ್ದಳು. ಸದಾ ಹರಟುತ್ತಾಳೆಂದು ಅವಳಿಗೆ ಆ ಹೆಸರು ಬಿದ್ದಿತ್ತು. ಭಿನ್ನರಾಶಿಯ ಪಾಠ ಶುರುವಾದ ಮೇಲೆ ಗಿಣಿಯ ಬಾಯಿಗೆ ಬೀಗ ಬಿದ್ದಿತ್ತು. ಇವತ್ತಂತೂ "ನಾನು ದಡ್ಡಿ, ಸ್ಕೂಲಿಗೆ ಹೋಗಲ್ಲ" ಎಂದು ಅವಳೇ ಹೇಳಿಬಿಟ್ಟಿದ್ದಳು. ಅಷ್ಟು ಸಣ್ಣ ಮಗು ತನ್ನ ಬಾಯಾರೆ ಹಾಗೆ ಹೇಳುವುದನ್ನು ಕೇಳಿದರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತದೆ.

ಅಷ್ಟರಲ್ಲಿ ಎದುರುಮನೆಯ ಟೀಚರ್ ಬ್ರೆಡ್ ಕೊಳ್ಳಲು ಬಂದರು. ಬೇರೊಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವರು. ಒಲೆ ಎಷ್ಟು ಬಿಸಿ, ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ ಎಂದೆಲ್ಲ ಕೇಳಿ ತಲೆ ತಿನ್ನದೆ ಅವರು ಹೋದದ್ದೇ ಇಲ್ಲ.

"ಯಾಕಣ್ಣಾ, ಅಂಗಡಿ ತುಂಬ ಗುಡುಗು?"

"ನೀವೇ ನೋಡಿ ಟೀಚರ್." ಬೇಕರಿಯವನು ಪರೀಕ್ಷೆಯ ಹಾಳೆಯನ್ನು ಮುಂದಿಟ್ಟ.

ಅದರಲ್ಲಿ ಹೀಗಿತ್ತು: 'ಅಮ್ಮ ಒಂದು ಬ್ರೆಡ್ಡನ್ನು ಎಂಟು ಸಮನಾದ ತುಂಡು ಮಾಡಿದಳು. ಮಕ್ಕಳು ಎಂಟರಲ್ಲಿ ಮೂರು ಭಾಗ ತಿಂದರು. ಎಷ್ಟು ಭಾಗ ಉಳಿಯಿತು?' ಗಿಣಿಯ ಉತ್ತರ: ಎಂಟರಲ್ಲಿ ಮೂರು. ಅದರ ಮೇಲೆ ಕೆಂಪು ಶಾಯಿಯ ಗೀಟು.

"ಪ್ರಶ್ನೇಲಿ ಇರೋದನ್ನೇ ಇಳಿಸಿದಾಳೆ. ಬೇಕರೀಲೇ ಹುಟ್ಟಿ ಬೆಳೆದೋಳಿಗೆ ಬ್ರೆಡ್ಡಿನ ಲೆಕ್ಕ ಬರಲ್ಲ ಅಂದ್ರೆ ಯಾರ ಹತ್ರ ಹೇಳ್ಕೊಳ್ಳಲಿ?"

ಟೀಚರಿಗೂ ಮೊದಲು ಹಾಗೇ ಅನ್ನಿಸಿತು. ಆದರೂ ಕುತೂಹಲ ತಡೆಯಲಿಲ್ಲ. ಮೂಟೆಗಳ ಪಕ್ಕ ನೆಲದ ಮೇಲೇ ಕೂತರು.

"ಗಿಣಿ, ಈ ಮೂರು ಎಲ್ಲಿಂದ ಬಂತೇ?"

"ತಪ್ಪು ಅಂತ ನಮ್ಮ ಮಿಸ್ ಹೇಳಿದ್ರು."

"ತಪ್ಪೋ ಸರಿಯೋ ಆಮೇಲೆ ನೋಡೋಣ. ಹೇಗೆ ಮಾಡಿದೆ ಅಂತ ತೋರಿಸು."

ಗಿಣಿ ಅಪ್ಪನ ಮುಖ ನೋಡಿದಳು. ಮೆಲ್ಲಗೆ ಎದ್ದು ಒಂದು ಪುಟ್ಟ ಬ್ರೆಡ್ಡನ್ನು ತಂದು ಅಪ್ಪನಿಂದ ಎಂಟು ತುಂಡು ಮಾಡಿಸಿದಳು. ಮೂರು ತುಂಡನ್ನು ಬದಿಗೆ ಸರಿಸಿ, "ಇದು ಮಕ್ಕಳು ತಿಂದಿದ್ದು" ಎಂದಳು. ಆಮೇಲೆ ಎರಡು ತುದಿಗಳನ್ನೂ ಎತ್ತಿ ಪಕ್ಕದ ಡಬ್ಬಿಗೆ ಹಾಕಿದಳು.

"ಉಳಿದಿದ್ದು ಮೂರು."

"ಅವೆರಡನ್ನ ಯಾಕಮ್ಮಾ ತೆಗೆದೆ?"

"ಅವು ತುದಿ ಅಲ್ವಾ? ತುದೀನ ಲೆಕ್ಕಕ್ಕೆ ಹಿಡಿಯಲ್ಲ. ಅದು ಮನೆಗೆ."

ಬೇಕರಿಯವನು ಡಬ್ಬಿಯತ್ತ ಬಗ್ಗಿ ನೋಡಿದ. ಗಿರಾಕಿಗೆ ತುದಿ ಕೊಡಬಾರದು ಎಂದು ಮಗಳಿಗೆ ಕಲಿಸಿದ್ದು ಅವನೇ.

"ಅಂದ್ರೆ ಇವಳು ಸುಮ್ನೆ ನೋಡಿ ಬರೆದಿದ್ದಲ್ವಾ?"

"ಅಲ್ಲಣ್ಣಾ. ಮೂರು ಕಳೆದು, ಮತ್ತೆ ಎರಡು ಕಳೆದಿದಾಳೆ. ಆದ್ರೆ ಆ ಲೆಕ್ಕದ ಕಥೆ ನಿಮ್ಮ ಅಂಗಡೀಲಿ ನಡೆದಿಲ್ಲ ನೋಡಿ!" ಟೀಚರ್ ಜೋರಾಗಿ ನಕ್ಕರು. ಗಿಣಿಗೂ ನಗು ಬಂತು.

"ಈಗ ಕಥೇನ ನಿನ್ನ ಮಾತಲ್ಲಿ ಹೇಳು. ಇಡೀದು ಯಾವುದು? ಎಷ್ಟು ಸಮಭಾಗ ಮಾಡಿದ್ರು? ಎಷ್ಟು ತಗೊಂಡ್ರು? ಕಥೇಲಿ ಇಲ್ಲದ್ದನ್ನ ನಾವು ಸೇರಿಸೋದು ಬೇಡ. ಆಮೇಲೆ ಚಿತ್ರ ಬರಿ."

ಗಿಣಿ ಮೇಜಿನ ಮೇಲಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಉದ್ದನೆಯ ಪಟ್ಟಿ ಬರೆದಳು. ಅದರಲ್ಲಿ ಎಂಟು ಮನೆ ಮಾಡಿ, ಮೂರನ್ನು ಅಳಿಸಿದಳು. ತುದಿಯ ಮನೆಗಳ ಹತ್ತಿರ ಬೆರಳು ಒಂದು ಗಳಿಗೆ ತಡೆಯಿತು.

"ಕಥೇಲಿ ತುದಿ ತೆಗೀಲಿಲ್ಲ... ಹಾಗಾದ್ರೆ ಎಂಟರಲ್ಲಿ ಐದು!"

ಬೇಕರಿಯವನು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಪರೀಕ್ಷೇಲಿ ಬ್ರೆಡ್ಡು, ಹಿಟ್ಟು ಎಲ್ಲಾ ಕೊಡ್ತಾರಾ ಟೀಚರ್?"

"ಬೇಕಾಗಲ್ಲ. ಮೊದಲು ಕೈಯಲ್ಲಿ ಮಾಡ್ತಾಳೆ, ಆಮೇಲೆ ಚಿತ್ರದಲ್ಲಿ. ರೂಢಿ ಆದ ಮೇಲೆ ತಲೇಲೇ ಮಾಡ್ತಾಳೆ. ನಾವು ನೇರ ಕೊನೇ ಮೆಟ್ಟಿಲಿಗೆ ಹತ್ತು ಅಂದ್ರೆ ಹೇಗೆ?"

ಗಿಣಿಗೆ ಈಗ ಹುರುಪು ಬಂದಿತ್ತು. "ಅಪ್ಪಾ, ನಿಂಗೊಂದು ಲೆಕ್ಕ. ಬ್ರೆಡ್ಡಲ್ಲಿ ಆರು ತುಂಡು. ನೀನು ಮೂರನೇ ಒಂದು ಭಾಗ ತಿಂದೆ. ಎಷ್ಟು ತುಂಡು ತಿಂದೆ?"

"ಒಂದು!" ಅಪ್ಪ ಥಟ್ಟನೆ ಹೇಳಿದ.

ಗಿಣಿ ನಗಲಿಲ್ಲ. ಮೇಜಿನ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, "ಹೇಗೆ ಮಾಡಿದೆ ಅಪ್ಪಾ? ತೋರಿಸು" ಎಂದಳು.

ಅಪ್ಪ ಆರು ಮನೆ ಬರೆದ. ಮೂರು ಸಮಪಾಲು ಮಾಡಲು ಹೋಗಿ ಅಳಿಸಿದ, ಮತ್ತೆ ಗೆರೆ ಎಳೆದ. ಒಂದೊಂದು ಪಾಲಿಗೆ ಎರಡೆರಡು ಮನೆ ಬಂತು. "ಅರೇ, ಎರಡು!" ಎಂದ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಹಿಟ್ಟಿನ ಕೈಯಲ್ಲೇ ಮಗಳ ತಲೆ ಸವರಿದ.

"ಟೀಚರ್, ನಾನು ತಪ್ಪು ಹೇಳ್ದಾಗ ಇವಳು ನನ್ನ ದಡ್ಡ ಅನ್ನಲಿಲ್ಲ," ಎಂದ. "ಹಿಟ್ಟು ನಾದೋಕೆ ನಾನೊಬ್ಬನೇ ಸಾಕು. ಗಿಣಿ, ನಾಳೆ ನೀನು ಸ್ಕೂಲಿಗೆ ಹೋಗಮ್ಮ. ನೀನು ಹೇಗೆ ಯೋಚಿಸಿದೆ ಅಂತ ನಾನೂ ಬಂದು ನಿಮ್ಮ ಮಿಸ್ಸಿಗೆ ಹೇಳ್ತೀನಿ."

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವೂ ತಪ್ಪು ಉತ್ತರ ತರುತ್ತದೆ. ಗದರಬೇಡಿ, ಉತ್ತರವನ್ನು ನೀವೇ ಹೇಳಿಬಿಡಲೂಬೇಡಿ. ಒಂದು ಹಣ್ಣು ಕೊಯ್ಯಿರಿ, ಒಂದು ಕಾಗದ ಮಡಚಿ, ನೆಲದ ಮೇಲೆ ನಾಲ್ಕು ಗೆರೆ ಎಳೆಯಿರಿ. ಲೆಕ್ಕದ ಕಥೆಯನ್ನು ಮಗುವಿನ ಬಾಯಲ್ಲೇ ಹೇಳಿಸಿ. ಹೇಗೆ ಯೋಚಿಸಿತು ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ನಿಮಗೆ ಲೆಕ್ಕ ಬರದಿದ್ದರೂ ಕೇಳಲು ಬರುತ್ತದೆ. ಮಗು ತನ್ನನ್ನು ತಾನೇ ದಡ್ಡ ಎಂದು ಕರೆದುಕೊಳ್ಳುವ ಮೊದಲೇ ಕೇಳಿ.